ಮನೆಯಲ್ಲೇ ರೈಫಲ್ ತೋಟಾ ತುಂಬುವ ಹವ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿ ರೈಫಲ್ ಶೂಟಿಂಗ್ ಕಲಿಯುತ್ತಿರುವ ಕನ್ನಡಿಗರು ರೇಂಜಿನಲ್ಲಿ ಸಿಕ್ಕಾಗ ಕೇಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಒಂದೇ ಬಗೆಯವು. ಊರಿನಿಂದ ಫೋನ್ ಮಾಡುವ ನೆಂಟರು ಕೇಳುವುದು ಇನ್ನೊಂದು ಬಗೆ. ಎರಡಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ. ಉತ್ತರಗಳೆಲ್ಲ ಅಮೆರಿಕದ ಕಾನೂನು ಮತ್ತು ಅಲ್ಲಿನ ಅಂಗಡಿಗಳಲ್ಲಿ ಸಿಗುವ ಸಾಮಾನನ್ನು ಇಟ್ಟುಕೊಂಡು ಬರೆದವು. ಭಾರತದ ವಿಚಾರವೇ ಬೇರೆ, ಅದನ್ನು ಪ್ರತ್ಯೇಕವಾಗಿ ಹೇಳಿದ್ದೇನೆ. ಯಾವ ಮದ್ದನ್ನು ಎಷ್ಟು ತೂಗಿ ಹಾಕಬೇಕು ಎಂಬ ಅಂಕಿಯನ್ನು ಮಾತ್ರ ಇಲ್ಲಿ ಹುಡುಕಬೇಡಿ. ಏಕೆಂಬುದು ಮುಂದೆ ತಿಳಿಯುತ್ತದೆ.

ತೋಟಾ ತುಂಬುವುದು ಎಂದರೆ ನಿಜವಾಗಿ ಏನು ಮಾಡುತ್ತೀರಿ?

ಒಂದು ರೈಫಲ್ ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕೂರುವ ಪ್ರೈಮರ್, ಒಳಗಿನ ಮದ್ದು ಮತ್ತು ಬಾಯಿಯಲ್ಲಿ ಕಚ್ಚಿಕೊಂಡಿರುವ ಗುಂಡು. ಕುದುರೆ (ಟ್ರಿಗರ್) ಒತ್ತಿದಾಗ ಪ್ರೈಮರಿಗೆ ಏಟು ಬಿದ್ದು ಕಿಡಿ ಹಾರುತ್ತದೆ, ಮದ್ದು ಉರಿಯುತ್ತದೆ, ಅನಿಲದ ಒತ್ತಡಕ್ಕೆ ಗುಂಡು ನಳಿಗೆ ಬಿಟ್ಟು ಹೋಗುತ್ತದೆ. ಆ ಕ್ಷಣದಲ್ಲಿ ಹಿತ್ತಾಳೆ ಉಬ್ಬಿ ಚೇಂಬರಿನ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನ) ಗೋಡೆಗೆ ಒತ್ತಿಕೊಂಡು ಅನಿಲ ಹಿಂದಕ್ಕೆ ಬರದಂತೆ ತಡೆಯುತ್ತದೆ. ಒತ್ತಡ ಇಳಿದ ಮೇಲೆ ಕೂದಲೆಳೆಯಷ್ಟು ಕುಗ್ಗುವುದರಿಂದ ಅದನ್ನು ಹೊರಗೆಳೆಯಲು ಸಾಧ್ಯವಾಗುತ್ತದೆ.

ಮೂರು ಭಾಗ ಖರ್ಚಾಯಿತು, ಕೇಸ್ ಉಳಿಯಿತು. ಸುಮಾರು ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಸೇರಿದ ಒಳ್ಳೆಯ ಹಿತ್ತಾಳೆ ಅದು, ತೋಟಾದ ಅತಿ ಬೆಲೆಬಾಳುವ ಭಾಗವೂ ಹೌದು. ಅದನ್ನು ತೊಳೆದು, ಉಬ್ಬಿದ್ದನ್ನು ಮೊದಲಿನ ಅಳತೆಗೆ ತಂದು, ಹೊಸ ಪ್ರೈಮರ್, ಹೊಸ ಮದ್ದು, ಹೊಸ ಗುಂಡು ಕೂರಿಸುವುದೇ ಈ ಹವ್ಯಾಸ. ಇಂಗ್ಲಿಷಿನಲ್ಲಿ ರೀಲೋಡಿಂಗ್ ಎನ್ನುತ್ತಾರೆ.

ಪ್ರೈಮರನ್ನೋ ಮದ್ದನ್ನೋ ಮನೆಯಲ್ಲೇ ತಯಾರಿಸುತ್ತೀರಾ?

ಇಲ್ಲ. ಖಂಡಿತ ಇಲ್ಲ. ಅವೆರಡೂ ಕಾರ್ಖಾನೆಯಿಂದ ಮುಚ್ಚಿದ ಡಬ್ಬಿಯಲ್ಲಿ ಬರುತ್ತವೆ. ತಯಾರಿಸಲು ಹೊರಟವರು ಈ ಹವ್ಯಾಸದವರಲ್ಲ.

ಇಂಥದ್ದೊಂದು ಹವ್ಯಾಸ ಹುಟ್ಟಿದ್ದಾದರೂ ಹೇಗೆ?

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಅಂಗಡಿಯಿಂದ ದೂರವಿದ್ದ ಬೇಟೆಗಾರರು ಬಳಸಿದ ಕೇಸನ್ನೇ ಮತ್ತೆ ತುಂಬಿಕೊಳ್ಳುತ್ತಿದ್ದರು. ಆಗ ಇದ್ದದ್ದು ಕರಿಮದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆರಹಿತ ಮದ್ದನ್ನು ರೂಪಿಸಿದ ಮೇಲೆ ಆಟದ ನಿಯಮಗಳೇ ಬದಲಾದವು. ಒತ್ತಡ ಹೆಚ್ಚಿತು, ಅಳತೆಯಲ್ಲಿ ಹುಷಾರು ಹೆಚ್ಚಬೇಕಾಯಿತು.

ಈಗ ನಾವು ಕಾಣುವ ಹವ್ಯಾಸ ಬೆಳೆದದ್ದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ. ಯುದ್ಧ ಮುಗಿದ ಮೇಲೆ ಸೇನೆಯಲ್ಲಿ ಮಿಕ್ಕಿದ್ದ ಮದ್ದನ್ನು ಕ್ಯಾನ್ಸಸ್‌ನ ಬ್ರೂಸ್ ಹಾಜ್ಡನ್ ಕೊಂಡು ಹವ್ಯಾಸಿಗಳಿಗೆ ಮಾರಿದರು. ನೆಬ್ರಾಸ್ಕದ ಗ್ರ್ಯಾಂಡ್ ಐಲ್ಯಾಂಡಿನಲ್ಲಿ ಜಾಯ್ಸ್ ಹಾರ್ನಡಿ 1949ರಲ್ಲಿ ಗುಂಡು ತಯಾರಿಕೆ ಆರಂಭಿಸಿದರು. ಕ್ಯಾಲಿಫೋರ್ನಿಯದ ಓರೊವಿಲ್‌ನಲ್ಲಿ ಫ್ರೆಡ್ ಹಂಟಿಂಗ್ಟನ್ ಅದಕ್ಕೂ ಮೊದಲೇ, ಗುಂಡಿನ ಅಭಾವವಿದ್ದ ಯುದ್ಧಕಾಲದಲ್ಲಿ, ಉಡಾಯಿಸಿ ಬಿಸಾಡಿದ ಸಣ್ಣ .22 ಕೇಸುಗಳನ್ನೇ ಗುಂಡಿನ ಮೇಲ್ಹೊದಿಕೆಯಾಗಿ ಒತ್ತುವ ಡೈಗಳನ್ನು, ಎಂದರೆ ಲೋಹವನ್ನು ಅಳತೆಗೆ ತರುವ ಅಚ್ಚುಗಳನ್ನು, ಮಾಡಿದರು. ಆರ್‌ಸಿಬಿಎಸ್ ಎಂಬ, ಹಸಿರು ಪ್ರೆಸ್‌ಗಳ (ಹಿಡಿ ಎಳೆದು ಕೇಸನ್ನು ಡೈಗೆ ಒತ್ತುವ ಸಾಧನಗಳ) ಕಂಪನಿಯ ಬುಡ ಅಲ್ಲಿದೆ. ಇವರೆಲ್ಲ ಶುರುವಿನಲ್ಲಿ ದೊಡ್ಡ ಉದ್ಯಮಿಗಳಲ್ಲ. ತಮಗೆ ಬೇಕಾದ ಸಾಮಾನು ಸಿಗದೆ ತಾವೇ ಕೈಹಾಕಿದವರು. ಈ ಗುಣ ಇಂದಿಗೂ ಹವ್ಯಾಸಿಗಳಲ್ಲಿ ಉಳಿದಿದೆ ಎಂಬುದು ನನಗೆ ಬಹಳ ಹಿಡಿಸುವ ಸಂಗತಿ.

ಅಮೆರಿಕದಲ್ಲಿ ಇದಕ್ಕೆ ಪರವಾನಗಿ ಬೇಕೇ?

ಸ್ವಂತ ಬಳಕೆಗೆ ತುಂಬಿಕೊಳ್ಳಲು ಕೇಂದ್ರ ಸರಕಾರದ ಪರವಾನಗಿ ಬೇಡ. ಮಾರುವುದಕ್ಕೆಂದು ತಯಾರಿಸುವವರಿಗೆ ಬೇಕು. ರಾಜ್ಯ, ನಗರ ಮತ್ತು ಅಗ್ನಿಶಾಮಕ ನಿಯಮಗಳು ಬೇರೆ ಬೇರೆ ಇರುತ್ತವೆ, ಅವನ್ನು ಮೊದಲು ಓದಿಕೊಳ್ಳಿ. ಬಾಡಿಗೆ ಮನೆಯಾದರೆ ಕರಾರು ಪತ್ರವನ್ನೂ ಓದಿ, ಮದ್ದು ಇಡುವುದನ್ನು ನಿಷೇಧಿಸುವ ಕರಾರುಗಳು ಇರುತ್ತವೆ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಸುಮ್ಮನೆ ಒಂದು ಪ್ರೆಸ್ ಮತ್ತು ಸ್ವಲ್ಪ ಸಾಮಾನು ಕೊಂಡಿಟ್ಟುಕೊಂಡರೆ ತಪ್ಪೇನು?

ದಯವಿಟ್ಟು ಈ ಉತ್ತರವನ್ನು ನಿಧಾನವಾಗಿ ಓದಿ. ನಮ್ಮವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ.

ವಲಸೆಯೇತರ ವೀಸಾದಲ್ಲಿ ಬಂದವರು, ಎಂದರೆ ಎಫ್-1, ಎಚ್-1ಬಿ, ಎಚ್-4 ಮುಂತಾದ ವೀಸಾ ಇರುವವರು, ಬಂದೂಕನ್ನಾಗಲಿ ತೋಟಾವನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸಿದೆ. ಕೆಲವು ವಿನಾಯಿತಿಗಳಿವೆ. ಯಾವುದಾದರೂ ರಾಜ್ಯದ ಊರ್ಜಿತ ಬೇಟೆ ಪರವಾನಗಿ ಇರುವುದು ಅವುಗಳಲ್ಲಿ ಒಂದು. ಅದೇ ಕಾನೂನಿನಲ್ಲಿ ತೋಟಾ ಎಂದರೆ ಪೂರ್ತಿ ತೋಟಾ ಮಾತ್ರವಲ್ಲ. ಕೇಸ್, ಪ್ರೈಮರ್, ಗುಂಡು, ಮದ್ದು, ಇವು ಬಿಡಿಬಿಡಿಯಾಗಿದ್ದರೂ ತೋಟಾ ಎಂದೇ ಲೆಕ್ಕ. ಎಂದರೆ ನಿಮ್ಮ ಬಳಿ ಬಂದೂಕೇ ಇಲ್ಲದಿದ್ದರೂ ಗ್ಯಾರೇಜಿನಲ್ಲಿ ಒಂದು ಪ್ರೈಮರ್ ಪೆಟ್ಟಿಗೆ ಇದ್ದರೆ ಸಾಕು, ಅಪರಾಧವಾಗಬಹುದು. ಶಸ್ತ್ರಕ್ಕೆ ಸಂಬಂಧಿಸಿದ ಅಪರಾಧ ಸಾಬೀತಾದರೆ ಗಡೀಪಾರಿಗೂ ಅದೇ ಕಾರಣವಾಗಬಹುದು.

ಗ್ರೀನ್ ಕಾರ್ಡ್ ಪಡೆದ ಮೇಲೆ ಈ ನಿರ್ಬಂಧ ಇರುವುದಿಲ್ಲ. ಅಲ್ಲಿಯವರೆಗೆ, ಬೇಟೆ ಪರವಾನಗಿಯ ದಾರಿ ಹಿಡಿಯುವ ಮನಸ್ಸಿದ್ದರೂ, ವಲಸೆ ಕಾನೂನು ಬಲ್ಲ ವಕೀಲರ ಮಾತು ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ. ಕೆಲಸದ ಜಾಗದ ಗೆಳೆಯ ಪರವಾಗಿಲ್ಲ ಎಂದ ಮಾತು ನ್ಯಾಯಾಲಯದಲ್ಲಿ ಕೆಲಸಕ್ಕೆ ಬರುವುದಿಲ್ಲ.

ಬೆಂಗಳೂರಿನಲ್ಲಿ ಇದನ್ನು ಮಾಡಬಹುದೇ? ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ?

ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಕೆಗೆ ಪರವಾನಗಿ ಬೇಕು, ಮತ್ತು ತೋಟಾ ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಬರುತ್ತವೆ. ಆದ್ದರಿಂದ ಅಮೆರಿಕದಿಂದ ಬರುವ ಅಣ್ಣನ ಕೈಯಲ್ಲಿ ಒಂದು ಪ್ರೆಸ್ ಮತ್ತು ಡೈ ತರಿಸಿಕೊಳ್ಳುವ ಯೋಚನೆಯನ್ನೂ ಬಿಡಿ. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ ಸೆರೆ, ಗರಿಷ್ಠ ಜೀವಾವಧಿ.

ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಬ್ರಿಟಿಷರ ಕಾಲದ್ದು. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು. ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ಕೋವಿಗೆ ಹೂ ಮುಡಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಮನೆತನದವರೇ ಆಗಿರಲಿ, ತೋಟಾ ತಯಾರಿಸಲು ಆ ವಿನಾಯಿತಿ ರಹದಾರಿ ಅಲ್ಲ. ಮಲೆನಾಡಿನ ಹಿರಿಯರು ಕೇಪಿನ ಕೋವಿಗೆ ಮದ್ದು ಜಡಿದು, ಚರೆ ಸುರಿದು ಈಡು ಮಾಡುತ್ತಿದ್ದುದನ್ನು ಕಂಡವರಿಗೆ ಇದು ಬಿಗಿಯಾಯಿತು ಎನಿಸೀತು. ಆದರೆ ಹೊಗೆರಹಿತ ಮದ್ದಿನ ರೈಫಲ್ ಆ ಕೋವಿಯ ಜಾತಿಯದ್ದಲ್ಲ. ಅಲ್ಲಿನ ಅಂದಾಜು ಇಲ್ಲಿ ನಡೆಯುವುದಿಲ್ಲ.

ಮದ್ದು ಮನೆಯಲ್ಲಿಟ್ಟುಕೊಂಡರೆ ಸ್ಫೋಟವಾಗುವುದಿಲ್ಲವೇ?

ಹೊಗೆರಹಿತ ಮದ್ದು ಬಯಲಿನಲ್ಲಿ ಕಿಡಿ ತಾಗಿದರೆ ಭುಗಿಲೆಂದು ಉರಿಯುತ್ತದೆ. ಅದನ್ನು ಗಟ್ಟಿ ಪಾತ್ರೆಯಲ್ಲಿ ಬಂಧಿಸಿಟ್ಟರೆ ಮಾತ್ರ ಒತ್ತಡ ಏರಿ ಅನಾಹುತವಾಗುತ್ತದೆ. ಅದಕ್ಕಾಗಿಯೇ ಕಾರ್ಖಾನೆಯವರು ಒತ್ತಡ ಏರುವ ಮೊದಲೇ ಬಿಟ್ಟುಕೊಳ್ಳುವಂತಹ ತೆಳ್ಳಗಿನ ಡಬ್ಬಿಯಲ್ಲಿ ತುಂಬಿ ಕಳುಹಿಸುತ್ತಾರೆ. ನೀವು ಅದನ್ನು ಚೆಂದದ ಗಾಜಿನ ಭರಣಿಗೋ ಉಕ್ಕಿನ ಡಬ್ಬಕ್ಕೋ ಸುರಿದಿಟ್ಟರೆ ಆ ರಕ್ಷಣೆ ಹೋಯಿತು, ಒಳಗಿರುವುದು ಯಾವ ಮದ್ದು ಎಂಬ ಗುರುತೂ ಹೋಯಿತು.

ಪ್ರೈಮರ್ ಇದಕ್ಕಿಂತ ಸೂಕ್ಷ್ಮ. ಅದು ಏಟಿಗೇ ಸಿಡಿಯಲೆಂದು ಮಾಡಿದ ವಸ್ತು. ಕಾರ್ಖಾನೆಯ ಪೆಟ್ಟಿಗೆಯಲ್ಲಿ ಒಂದೊಂದಕ್ಕೂ ಒಂದೊಂದು ಗೂಡಿರುತ್ತದೆ. ಒಂದು ಸಿಡಿದರೆ ಪಕ್ಕದ್ದು ಸಿಡಿಯದಿರಲಿ ಎಂಬುದೇ ಅದರ ಉದ್ದೇಶ. ನೂರಾರು ಪ್ರೈಮರುಗಳನ್ನು ಒಂದೇ ಬಾಟಲಿಗೆ ಸುರಿದಿಡುವುದು ಈ ಹವ್ಯಾಸದಲ್ಲಿ ಮಾಡಬಹುದಾದ ಅತಿ ಕೆಟ್ಟ ಕೆಲಸಗಳಲ್ಲಿ ಒಂದು.

ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆಯ ಮಾದರಿ ನಿಯಮದಂತೆ ಮನೆಯಲ್ಲಿ ಮೂಲ ಡಬ್ಬಿಗಳಲ್ಲಿ 20 ಪೌಂಡ್‌ವರೆಗೆ ಹೊಗೆರಹಿತ ಮದ್ದು, 10,000ದವರೆಗೆ ಪ್ರೈಮರ್ ಇಡಬಹುದು. ಅದಕ್ಕೂ ಮೀರಿದ ಮದ್ದಿಗೆ ಒಂದು ಅಂಗುಲ ದಪ್ಪದ ಮರದ ಪೆಟ್ಟಿಗೆ ಬೇಕು. ನಿಮ್ಮ ಊರಿನ ಮಿತಿ ಇದಕ್ಕಿಂತ ಕಡಿಮೆ ಇರಬಹುದು. ಬೀಗ ಹಾಕಿದ ಮರದ ಕಪಾಟು, ತಂಪಾದ ಒಣ ಕೋಣೆ, ಬಾಯ್ಲರ್ ಮತ್ತು ಒಲೆಗಳಿಂದ ದೂರ. ಮದ್ದು ಮತ್ತು ಪ್ರೈಮರ್ ಬೇರೆ ಬೇರೆ ಕಡೆ. ಟೆಕ್ಸಸ್, ಅರಿಜೋನ ಕಡೆಯ ಗ್ಯಾರೇಜುಗಳು ಬೇಸಿಗೆಯಲ್ಲಿ ಕಾದ ಹೆಂಚಿನಂತಾಗುತ್ತವೆ. ಅಲ್ಲಿರುವವರು ಮನೆಯೊಳಗೇ ಜಾಗ ಮಾಡಿಕೊಳ್ಳಬೇಕು.

ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ. ಬೇರೆ ಯಾವ ಅಪಾಯವಿದೆ?

ಸೀಸ. ಜನ ಸ್ಫೋಟಕ್ಕೆ ಹೆದರುತ್ತಾರೆ, ಸೀಸವನ್ನು ಮರೆಯುತ್ತಾರೆ. ಬಹುಪಾಲು ಪ್ರೈಮರುಗಳಲ್ಲಿ ಸೀಸದ ಸಂಯುಕ್ತವಿದೆ, ಹೊಡೆದ ಮೇಲೆ ಅದು ಕೇಸಿನೊಳಗೆ ಬೂದಿಯಾಗಿ ಉಳಿಯುತ್ತದೆ. ಕೇಸುಗಳನ್ನು ಒಣ ಪುಡಿಯಲ್ಲಿ ಹಾಕಿ ಉಜ್ಜುವ ಯಂತ್ರದ ಮುಚ್ಚಳ ತೆಗೆದಾಗ ಏಳುವ ಬೂದು ಬಣ್ಣದ ದೂಳು ಅದೇ. ಯಂತ್ರವನ್ನು ಮನೆಯ ಹೊರಗೆ ಇಡಿ, ಇಲ್ಲವೇ ನೀರಿನಲ್ಲಿ ಸ್ಟೀಲ್ ಸೂಜಿಗಳೊಂದಿಗೆ ತೊಳೆಯುವ ವಿಧಾನಕ್ಕೆ ಬದಲಾಯಿಸಿಕೊಳ್ಳಿ. ಮೇಜಿನ ಬಳಿ ಕಾಫಿ, ಚಕ್ಕುಲಿ ಯಾವುದೂ ಬೇಡ. ಕೆಲಸ ಮುಗಿದ ಮೇಲೆ ತಣ್ಣೀರು ಮತ್ತು ಸೋಪಿನಿಂದ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ವರ್ಷಕ್ಕೊಮ್ಮೆ ರಕ್ತದಲ್ಲಿನ ಸೀಸದ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಅಲ್ಪ ಪ್ರಮಾಣದ ಸೀಸವೂ ಕೆಟ್ಟದ್ದು, ಈ ವಿಷಯದಲ್ಲಿ ರಾಜಿಯೇ ಬೇಡ.

ಹಣ ಉಳಿಯುತ್ತದೆಯೇ?

.223ರಂತಹ ಎಲ್ಲೆಡೆ ಸಿಗುವ ಸಾಧಾರಣ ತೋಟಾಗಳಲ್ಲಿ ಉಳಿಯುವುದು ಅತ್ಯಲ್ಪ. ನಿಮ್ಮ ಸಮಯಕ್ಕೆ ಬೆಲೆ ಕಟ್ಟಿದರೆ ನಷ್ಟವೇ. ಸ್ಪರ್ಧೆಯ ದರ್ಜೆಯ ತೋಟಾಗಳಲ್ಲಿ, ಹಳೆಯ .303 ಬ್ರಿಟಿಷ್‌ನಂತಹ ಅಪರೂಪದ ಕ್ಯಾಲಿಬರುಗಳಲ್ಲಿ (ತೋಟಾದ ಅಳತೆಗಳಲ್ಲಿ) ಉಳಿತಾಯ ಗಣನೀಯ. ಮದ್ದನ್ನು ಗ್ರೇನ್ ಎಂಬ ಸಣ್ಣ ತೂಕದಲ್ಲಿ ತೂಗುತ್ತಾರೆ, 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಮಧ್ಯಮ ಗಾತ್ರದ ರೈಫಲ್ ತೋಟಾಗಳನ್ನು ಒಂದು ಪೌಂಡ್ ಮದ್ದಿನಲ್ಲಿ ನೂರೈವತ್ತರ ಆಸುಪಾಸು ತುಂಬಬಹುದು. ಇದಕ್ಕೆ ಗುಂಡು, ಪ್ರೈಮರುಗಳ ಬೆಲೆ ಸೇರಿಸಿ ನೀವೇ ಲೆಕ್ಕ ಹಾಕಿಕೊಳ್ಳಿ. ಮದ್ದು ಮತ್ತು ಪ್ರೈಮರನ್ನು ಆನ್‌ಲೈನ್‌ನಲ್ಲಿ ತರಿಸಿದರೆ ಅಪಾಯಕಾರಿ ವಸ್ತುಗಳ ಸಾಗಣೆ ಶುಲ್ಕವೂ ಬೀಳುತ್ತದೆ. 2020ರಿಂದ ಎರಡು ಮೂರು ವರ್ಷ ಪ್ರೈಮರಿಗೆ ಎಂತಹ ಬರ ಬಂದಿತ್ತು ಎಂಬುದು ಹಳಬರಿಗೆಲ್ಲ ನೆನಪಿದೆ. ಉಳಿತಾಯದ ಲೆಕ್ಕವೊಂದನ್ನೇ ನಂಬಿ ಬಂದವರು ಆಗ ಕೈಬಿಟ್ಟರು.

ಹಾಗಾದರೆ ಲಾಭವೇನು? ಗುರಿ ಸುಧಾರಿಸುತ್ತದೆಯೇ?

ಒಂದರಂತೆ ಇನ್ನೊಂದು ಇರುವ ತೋಟಾ. ಇದೇ ಲಾಭ, ಇದೇ ಈ ಹವ್ಯಾಸದ ಜೀವ.

ಕಾರ್ಖಾನೆಯ ತೋಟಾ ಎಲ್ಲರ ರೈಫಲಿಗೂ ಹೊಂದಬೇಕು, ನಿಮ್ಮದು ನಿಮ್ಮ ರೈಫಲ್ ಒಂದಕ್ಕೇ ಹೊಂದಿದರೆ ಸಾಕು. ನಿಮ್ಮ ಚೇಂಬರಿನ ಅಳತೆಗೆ ಕೇಸನ್ನು ಒತ್ತಬಹುದು, ಗುಂಡು ಎಷ್ಟು ಆಳ ಕೂರಬೇಕೆಂದು ನಿರ್ಧರಿಸಬಹುದು, ಮದ್ದನ್ನು ಗ್ರೇನಿನ ಹತ್ತನೇ ಒಂದು ಭಾಗದವರೆಗೆ ತೂಗಬಹುದು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ತಕ್ಕಡಿ ತೋರಿಸುವುದು ಅದರಲ್ಲೂ ಹತ್ತನೇ ಪಾಲು.

ಇದರ ಫಲ ನೂರು ಗಜದಲ್ಲಿ ಅಷ್ಟಾಗಿ ಕಾಣುವುದಿಲ್ಲ. ಸಾವಿರ ಗಜದಲ್ಲಿ ಕಾಣುತ್ತದೆ. ಗುಂಡುಗಳ ವೇಗದಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಅಷ್ಟು ದೂರ ಸಾಗುವಷ್ಟರಲ್ಲಿ ನಿಧಾನದ ಗುಂಡು ಹೆಚ್ಚು ಕೆಳಗಿಳಿದಿರುತ್ತದೆ, ಗುರಿಹಲಗೆಯ ಮೇಲೆ ತೂತುಗಳು ಮೇಲೆ ಕೆಳಗೆ ಹರಡಿಕೊಳ್ಳುತ್ತವೆ. ವೇಗ ಅಳೆಯುವ ಕ್ರೊನೋಗ್ರಾಫ್ ಇದ್ದರೆ ಇದನ್ನು ಅಂಕಿಗಳಲ್ಲೇ ನೋಡಬಹುದು.

ಆದರೆ ಹೊಸಬರಿಗೆ ಒಂದು ಮಾತು: ಉಸಿರು, ಭುಜದ ಹಿಡಿತ, ಕುದುರೆ ಒತ್ತುವ ಬೆರಳು ಇನ್ನೂ ಪಳಗದವರಿಗೆ ತೋಟಾ ಎಷ್ಟು ಸಮನಾಗಿದ್ದರೂ ಗುರಿ ಕೂಡುವುದಿಲ್ಲ. ಮೊದಲು ಒಳ್ಳೆಯ ಕಾರ್ಖಾನೆ ತೋಟಾದಲ್ಲಿ ಹೊಡೆದು ಕಲಿಯಿರಿ. ಆ ಖಾಲಿ ಕೇಸುಗಳನ್ನು ಎತ್ತಿಟ್ಟುಕೊಳ್ಳಿ.

ಶುರು ಮಾಡಲು ಏನೇನು ಬೇಕು? ಯಾವ ಕ್ಯಾಲಿಬರ್ ಒಳ್ಳೆಯದು?

ಒಂದು ಸಲ ಹಿಡಿ ಎಳೆದರೆ ಒಂದೇ ಕೆಲಸ ಮಾಡುವ ಸರಳ ಪ್ರೆಸ್, ನಿಮ್ಮ ಕ್ಯಾಲಿಬರಿನ ಡೈಗಳು, ಪ್ರೆಸ್‌ನಲ್ಲಿ ಕೇಸನ್ನು ಹಿಡಿದಿಡುವ ಶೆಲ್ ಹೋಲ್ಡರ್, ತಕ್ಕಡಿ ಮತ್ತು ಅದನ್ನು ಪರೀಕ್ಷಿಸುವ ತೂಕದ ಬಟ್ಟುಗಳು, ಉದ್ದ ಅಳೆಯುವ ಕ್ಯಾಲಿಪರ್, ಕೇಸ್ ಕತ್ತರಿಸುವ ಸಾಧನ, ಜಾರೆಣ್ಣೆ, ಕೇಸುಗಳನ್ನು ನಿಲ್ಲಿಸಲು ಐವತ್ತು ಕುಳಿಗಳ ಹಲಗೆ, ಕಣ್ಣಿಗೆ ಕನ್ನಡಕ. ಮತ್ತು ಪುಸ್ತಕ: ಮದ್ದಿನ ಅಥವಾ ಗುಂಡಿನ ಕಂಪನಿ ಪ್ರಕಟಿಸಿದ ಈಚಿನ ಕೈಪಿಡಿ, ಸಾಧ್ಯವಾದರೆ ಎರಡು.

ಒಂದೇ ಎಳೆತಕ್ಕೆ ಐದಾರು ಕೆಲಸ ಮಾಡುವ ಪ್ರೊಗ್ರೆಸಿವ್ ಪ್ರೆಸ್ ನೋಡಿ ಮನಸ್ಸು ಕರಗಬಾರದು. ಅದು ವೇಗದ ಯಂತ್ರ. ಕಲಿಯುವವರಿಗೆ ಬೇಕಾದದ್ದು ಒಂದೊಂದು ಹಂತದಲ್ಲೂ ಏನಾಗುತ್ತಿದೆ ಎಂದು ಕಣ್ಣಾರೆ ನೋಡುವ ಅವಕಾಶ.

ಕ್ಯಾಲಿಬರಿಗೆ ಬಂದರೆ .308 ವಿಂಚೆಸ್ಟರ್ ಹೊಸಬರಿಗೆ ಹೇಳಿ ಮಾಡಿಸಿದ್ದು. 1952ರಿಂದ ಬಳಕೆಯಲ್ಲಿದೆ, ಕೇಸ್ ಎಲ್ಲೆಡೆ ಸಿಗುತ್ತದೆ, ಪರೀಕ್ಷಿಸಿದ ಮಾಹಿತಿ ಧಾರಾಳ. ದೂರದ ಗುರಿಯ ಆಸೆಯಿದ್ದವರು 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ಹಿಡಿಯಬಹುದು. .22 ರಿಮ್‌ಫೈರ್ ತೋಟಾವನ್ನು ಮತ್ತೆ ತುಂಬುವ ಮಾತೇ ಇಲ್ಲ, ಅದರ ಸಿಡಿಮದ್ದು ಅಂಚಿನೊಳಗೇ ಸೇರಿಕೊಂಡಿರುತ್ತದೆ.

ಕೆಲಸ ಯಾವ ಕ್ರಮದಲ್ಲಿ ನಡೆಯುತ್ತದೆ?

ಮೊದಲು ಕಣ್ಣು, ಆಮೇಲೆ ಕೈ. ತೊಳೆದ ಕೇಸನ್ನು ಬೆಳಕಿಗೆ ಹಿಡಿದು ತಿರುಗಿಸಿ. ಕತ್ತಿನಲ್ಲಿ ಸೀಳಿದೆಯೇ? ತಳದಿಂದ ಸ್ವಲ್ಪ ಮೇಲೆ ಉಂಗುರದಂತೆ ಹೊಳೆಯುವ ಗೆರೆಯಿದೆಯೇ? ಆ ಗೆರೆ ಕಂಡರೆ ಒಳಗೆ ಹಿತ್ತಾಳೆ ತೆಳುವಾಗಿದೆ ಎಂಬ ಅನುಮಾನ ಬರಬೇಕು. ಒಂದು ಪೇಪರ್ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಾಗಿಸಿ, ಒಳಗೋಡೆಯ ಮೇಲೆ ತಳದಿಂದ ಮೇಲಕ್ಕೆ ನಿಧಾನವಾಗಿ ಎಳೆಯಿರಿ. ಗೋಡೆ ಸರಿಯಿದ್ದರೆ ತಂತಿ ನಯವಾಗಿ ಜಾರುತ್ತದೆ. ತೆಳುವಾಗಿದ್ದರೆ ಗೆರೆಯ ಜಾಗದಲ್ಲಿ ತುದಿ ಒಂದು ಸಣ್ಣ ತಗ್ಗಿಗೆ ಇಳಿದು ತಡೆಯುತ್ತದೆ, ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಂತಹ ಕೇಸನ್ನು ಇಕ್ಕಳದಿಂದ ಜಜ್ಜಿ ಬಿಸಾಡಿ, ಮತ್ತೆ ಯಾರ ಕೈಗೂ ಸಿಗಬಾರದು. ಮುಂದಿನ ಸಲ ಅದು ಚೇಂಬರಿನೊಳಗೇ ಎರಡು ತುಂಡಾಗುತ್ತದೆ.

ಉಳಿದವಕ್ಕೆ ತೆಳುವಾಗಿ ಜಾರೆಣ್ಣೆ ಸವರಿ ಡೈಗೆ ಏರಿಸುತ್ತೇವೆ. ಹಳೆಯ ಪ್ರೈಮರ್ ಉದುರುತ್ತದೆ, ಉಬ್ಬಿದ ಮೈ ಮೊದಲಿನ ಅಳತೆಗೆ ಬರುತ್ತದೆ. ಎಣ್ಣೆ ಮರೆತ ಕೇಸ್ ಡೈಯಲ್ಲಿ ಕಚ್ಚಿಕೊಂಡರೆ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಕೇಸಿನ ಭುಜವನ್ನು, ಎಂದರೆ ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರನ್ನು, ಒಂದೆರಡು ಸಾವಿರಾಂಶ ಅಂಗುಲಕ್ಕಿಂತ ಹೆಚ್ಚು ಹಿಂದಕ್ಕೆ ತಳ್ಳಬಾರದು. ಹೆಚ್ಚು ತಳ್ಳಿದಷ್ಟೂ ಮೇಲೆ ಹೇಳಿದ ಹೊಳೆಯುವ ಗೆರೆ ಬೇಗ ಮೂಡುತ್ತದೆ.

ಹೊಡೆದಷ್ಟೂ ಕೇಸ್ ಉದ್ದವಾಗುತ್ತದೆ. .308ಕ್ಕೆ ಗರಿಷ್ಠ 2.015 ಅಂಗುಲ. ಮೀರಿದರೆ ಕತ್ತರಿಸಿ 2.005ಕ್ಕೆ ತರಬೇಕು. ಉದ್ದ ಬಿಟ್ಟರೆ ಕೇಸಿನ ಬಾಯಿ ಚೇಂಬರಿನ ಕೊನೆಗೆ ಒತ್ತಿಕೊಂಡು ಗುಂಡನ್ನು ಹಿಡಿದುಬಿಡುತ್ತದೆ, ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ.

ನಂತರ ಹೊಸ ಪ್ರೈಮರ್. ಅದು ತಳದ ಮಟ್ಟಕ್ಕಿಂತ ಎಳ್ಳಷ್ಟು ಒಳಗೆ ಕೂರಬೇಕು. ಪ್ರತಿಯೊಂದರ ಮೇಲೂ ಬೆರಳು ಸವರಿ ನೋಡಿ, ಉಬ್ಬಿದ್ದರೆ ತಿಳಿಯುತ್ತದೆ.

ಮದ್ದು ಹಾಕುವಾಗ ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕು. ಟಿವಿ ಬೇಡ, ಫೋನ್ ಬೇಡ, ಮಾತು ಬೇಡ. ಐವತ್ತಕ್ಕೂ ಹಾಕಿ ಮುಗಿದ ಮೇಲೆ ಟಾರ್ಚ್ ಹಿಡಿದು ಹಲಗೆಯ ಮೇಲಿಂದ ಸಾಲು ಸಾಲಾಗಿ ಒಳಗೆ ನೋಡಿ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟದಲ್ಲಿರಬೇಕು. ಒಂದು ಖಾಲಿ ಉಳಿದರೆ ಪ್ರೈಮರಿನ ಬಲಕ್ಕೇ ಗುಂಡು ಮುಂದೆ ಸರಿದು ನಳಿಗೆಯಲ್ಲಿ ಸಿಕ್ಕಿಹಾಕಿಕೊಳ್ಳಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ರೈಫಲ್ ಸೀಳುತ್ತದೆ. ರೇಂಜಿನಲ್ಲಿ ಸದ್ದು ಎಂದಿನಂತೆ ಬರದೆ ಪುಸಕ್ಕೆಂದರೆ ಅಲ್ಲಿಗೇ ನಿಲ್ಲಿಸಿ, ಬೋಲ್ಟ್ (ಚೇಂಬರನ್ನು ಹಿಂದಿನಿಂದ ಮುಚ್ಚುವ ಅಗುಳಿ) ತೆಗೆದು, ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕು ಎಂಬುದು ಇದೇ ಕಾರಣಕ್ಕೆ.

ಕೊನೆಗೆ ಗುಂಡು ಕೂರಿಸಿ, ಒಟ್ಟು ಉದ್ದ ಅಳೆದು, ಪೆಟ್ಟಿಗೆಗೆ ಹಾಕಿ ಚೀಟಿ ಅಂಟಿಸುವುದು: ಮದ್ದಿನ ಹೆಸರು ಮತ್ತು ತೂಕ, ಗುಂಡು, ಪ್ರೈಮರ್, ಉದ್ದ, ಯಾವ ರೈಫಲಿಗೆ, ಯಾವ ದಿನ. ಚೀಟಿಯಿಲ್ಲದ ಪೆಟ್ಟಿಗೆಯ ತೋಟಾವನ್ನು ಹೊಡೆಯಬಾರದು, ಬಿಚ್ಚಬೇಕು.

ಎಷ್ಟು ಮದ್ದು ಹಾಕುತ್ತೀರಿ ಎಂದು ಹೇಳಬಾರದೇ?

ಹೇಳುವುದಿಲ್ಲ, ಬೇರೆ ಯಾರಾದರೂ ಹೇಳಿದರೆ ಕೇಳಲೂ ಬೇಡಿ. .308ರೊಳಗಿನ ಒತ್ತಡದ ಮಿತಿ ಚದರ ಅಂಗುಲಕ್ಕೆ 62,000 ಪೌಂಡ್. ಅದು ನಿಮ್ಮ ಕೆನ್ನೆಯಿಂದ ಕೆಲವೇ ಅಂಗುಲ ದೂರದಲ್ಲಿ ಆಗುವ ಕ್ರಿಯೆ. ನನ್ನ ರೈಫಲಿನಲ್ಲಿ ಸುರಕ್ಷಿತವಾದದ್ದು ನಿಮ್ಮದರಲ್ಲಿ ಮಿತಿ ಮೀರಬಹುದು. ನಳಿಗೆ, ಚೇಂಬರ್, ಕೇಸಿನ ದಪ್ಪ, ಗುಂಡಿನ ತಯಾರಕರು, ಹವೆಯ ಬಿಸಿ ಎಲ್ಲವೂ ಒತ್ತಡವನ್ನು ಬದಲಿಸುತ್ತವೆ. ಒಂದೇ ಸಂಖ್ಯೆಯ ಎರಡು ಕಂಪನಿಯ ಮದ್ದುಗಳೂ ಒಂದೇ ಅಲ್ಲ: ಎಚ್4350 ಮತ್ತು ಐಎಂಆರ್ 4350 ಬೇರೆ ಬೇರೆ, ಎಚ್4895 ಮತ್ತು ಐಎಂಆರ್ 4895 ಬೇರೆ ಬೇರೆ. ಕಣ್ಣಿಗೆ ಎಲ್ಲ ಒಂದೇ ಥರದ ಬೂದು ಕಡ್ಡಿಗಳು.

ಕಂಪನಿಗಳು ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಆರಂಭದ ಪ್ರಮಾಣ, ಗರಿಷ್ಠ ಪ್ರಮಾಣ ಎರಡನ್ನೂ ಕೊಡುತ್ತವೆ, ಹಾಜ್ಡನ್‌ನಂತಹವರು ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಕೊಡುತ್ತಾರೆ. ಆರಂಭದ ಪ್ರಮಾಣದಿಂದ ಶುರು ಮಾಡಿ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ, ಪ್ರತಿ ಹಂತದಲ್ಲೂ ಕೇಸನ್ನು ಪರೀಕ್ಷಿಸುತ್ತಾ ಹೋಗಬೇಕು. ಹೆಚ್ಚಿನ ಸಲ ಅತಿ ಒಳ್ಳೆಯ ಗುರಿ ಸಿಗುವುದು ಗರಿಷ್ಠಕ್ಕಿಂತ ಕೆಳಗೇ.

ಒತ್ತಡ ಹೆಚ್ಚಾಗಿದೆ ಎಂದು ಹೇಗೆ ತಿಳಿಯುವುದು?

ಬೋಲ್ಟ್ ಎತ್ತಲು ಬಿಗಿಯಾಗುವುದು, ಪ್ರೈಮರಿನ ದುಂಡನೆಯ ಅಂಚು ಚಪ್ಪಟೆಯಾಗಿ ಗುಳಿ ತುಂಬುವುದು, ಕೇಸಿನ ತಳದ ಮೇಲೆ ಎಜೆಕ್ಟರಿನ (ಖಾಲಿ ಕೇಸನ್ನು ಹೊರಗೆಸೆಯುವ ಭಾಗದ) ಹೊಳೆಯುವ ಅಚ್ಚು ಬೀಳುವುದು. ಇವುಗಳಲ್ಲಿ ಒಂದು ಕಂಡರೂ ಆ ಪೆಟ್ಟಿಗೆಯ ಇನ್ನೊಂದು ತೋಟಾ ಹೊಡೆಯಬೇಡಿ. ಇವು ಕಾಣದಿದ್ದರೆ ಎಲ್ಲ ಸರಿ ಎಂದು ಅರ್ಥವಲ್ಲ, ಒತ್ತಡ ಮಿತಿ ದಾಟಿದ ಮೇಲೆ ಲಕ್ಷಣಗಳು ತಡವಾಗಿ ಕಾಣುವುದೂ ಉಂಟು. ಆದ್ದರಿಂದ ಕೈಪಿಡಿಯ ಗರಿಷ್ಠವೇ ಗೆರೆ.

ರೇಂಜಿನಲ್ಲಿ ಬಿದ್ದಿರುವ ಕೇಸುಗಳನ್ನು ಆಯ್ದು ತರಬಹುದೇ?

ರೇಂಜಿನವರು ಒಪ್ಪಿದರೆ ತರಬಹುದು, ಆದರೆ ಎಷ್ಟು ಸಲ ಬಳಸಿದ್ದೆಂದು ಗೊತ್ತಿರುವುದಿಲ್ಲ. ತಳದ ಮೇಲಿನ ಅಚ್ಚು ನೋಡಿ ತಯಾರಕರ ಪ್ರಕಾರ ವಿಂಗಡಿಸಿ. ಸೇನೆಯ ಕೇಸುಗಳ ಗೋಡೆ ದಪ್ಪವಿರುವುದುಂಟು, ಒಳಜಾಗ ಕಡಿಮೆಯಾಗಿ ಅಷ್ಟೇ ಮದ್ದಿಗೆ ಒತ್ತಡ ಹೆಚ್ಚುತ್ತದೆ. ಉಕ್ಕು, ಅಲ್ಯೂಮಿನಿಯಂ ಕೇಸುಗಳನ್ನು ಬಿಡಿ. ಒಳಗೆ ಬೆಳಕು ಬಿಟ್ಟು ನೋಡಿದಾಗ ಮಧ್ಯದಲ್ಲಿ ಒಂದೇ ತೂತಿದ್ದರೆ ಬಾಕ್ಸರ್ ಮಾದರಿ, ಸುಲಭವಾಗಿ ತುಂಬಬಹುದು. ಎರಡು ಸಣ್ಣ ತೂತುಗಳಿದ್ದರೆ ಬರ್ಡನ್ ಮಾದರಿ, ಅದರಲ್ಲಿ ಪ್ರೈಮರ್ ತೆಗೆಯುವ ಕಡ್ಡಿ ಮುರಿಯುತ್ತದೆ. ಬರ್ಡನ್ ಅಮೆರಿಕದವನು, ಬಾಕ್ಸರ್ ಇಂಗ್ಲೆಂಡಿನವನು. ಅಮೆರಿಕ ಮಾತ್ರ ಇಂಗ್ಲೆಂಡಿನವನ ಮಾದರಿಯನ್ನು ಹಿಡಿಯಿತು, ಇಲ್ಲಿ ಈ ಹವ್ಯಾಸ ಇಷ್ಟು ಹಬ್ಬಲು ಅದೂ ಒಂದು ಕಾರಣ.

ಒಂದು ಕೇಸನ್ನು ಎಷ್ಟು ಸಲ ತುಂಬಬಹುದು?

ಒಂದೇ ಸಂಖ್ಯೆ ಹೇಳಲಾಗದು. ಹದವಾದ ಪ್ರಮಾಣದಲ್ಲಿ ಹತ್ತು ಸಲ ಬಂದರೂ ಆಶ್ಚರ್ಯವಿಲ್ಲ, ಗರಿಷ್ಠದ ಅಂಚಿನಲ್ಲಿ ಮೂರು ನಾಲ್ಕಕ್ಕೇ ಪ್ರೈಮರಿನ ಗುಳಿ ಸಡಿಲವಾಗುತ್ತದೆ. ಸೀಳು, ಹೊಳೆಯುವ ಗೆರೆ, ಸಡಿಲ ಗುಳಿ, ಇವುಗಳಲ್ಲಿ ಒಂದು ಬಂದರೆ ಕೇಸಿನ ಆಯುಸ್ಸು ಮುಗಿಯಿತು.

ತುಂಬಿದ ತೋಟಾವನ್ನು ಗೆಳೆಯರಿಗೆ ಕೊಡಬಹುದೇ?

ಕೊಡಬೇಡಿ, ತೆಗೆದುಕೊಳ್ಳಲೂ ಬೇಡಿ. ಎಷ್ಟೇ ಆಪ್ತರಾಗಿರಲಿ, ಬೇರೆಯವರು ತುಂಬಿದ್ದನ್ನು ನಿಮ್ಮ ರೈಫಲಿಗೆ ಹಾಕುವುದು ಬೇಡ. ದುಡ್ಡು ತೆಗೆದುಕೊಂಡರೆ ಪರವಾನಗಿಯ ಪ್ರಶ್ನೆಯೂ ಏಳುತ್ತದೆ.

ಊರಿಗೆ ಹೋಗುವಾಗ ಅಪ್ಪನಿಗೆ ತೋರಿಸಲು ಒಂದು ಖಾಲಿ ಕೇಸ್ ಒಯ್ಯಬಹುದೇ?

ಬೇಡ. ಭಾರತದ ವಿಮಾನ ನಿಲ್ದಾಣಗಳಲ್ಲಿ ಚೀಲದ ಮೂಲೆಯಲ್ಲಿ ಮರೆತ ಒಂದೇ ತೋಟಾ ಸಿಕ್ಕಿ ಠಾಣೆ, ನ್ಯಾಯಾಲಯ ಎಂದು ಅಲೆದವರಿದ್ದಾರೆ. ಗೊತ್ತಿಲ್ಲದೆ ಉಳಿದದ್ದೆಂದು ಮನವರಿಕೆಯಾದಾಗ ನ್ಯಾಯಾಲಯಗಳು ಪ್ರಕರಣ ರದ್ದುಪಡಿಸಿದ್ದುಂಟು. ಆದರೆ ಅಲ್ಲಿಯವರೆಗಿನ ಪಡಿಪಾಟಲು ಯಾರಿಗೆ ಬೇಕು? ಮದ್ದು ಮತ್ತು ಪ್ರೈಮರನ್ನಂತೂ ಅಮೆರಿಕದ ವಿಮಾನಗಳಲ್ಲೂ ಯಾವ ಚೀಲದಲ್ಲೂ ಒಯ್ಯುವಂತಿಲ್ಲ. ರೇಂಜಿಗೆ ಒಯ್ಯುವ ಚೀಲವನ್ನು ಪ್ರಯಾಣಕ್ಕೆ ಬಳಸಬೇಡಿ. ಜಾಕೆಟ್ಟಿನ ಜೇಬುಗಳನ್ನೂ ಒಳಹೊರಗು ಮಾಡಿ ನೋಡಿ. ಅಪ್ಪನಿಗೆ ಫೋಟೋ ತೋರಿಸಿ.

ಊರಿನಲ್ಲಿರುವ ತಮ್ಮನಿಗೂ ಆಸಕ್ತಿ ಬಂದಿದೆ. ಅವನಿಗೆ ದಾರಿಯೇನು?

ಹತ್ತು ಮೀಟರ್ ಏರ್ ರೈಫಲ್. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದರಲ್ಲೇ. 4.5 ಮಿಲಿಮೀಟರ್ ಮೀರದ, 20 ಜೂಲ್ ಒಳಗಿನ ಏರ್ ರೈಫಲಿಗೆ ಭಾರತದಲ್ಲಿ ಶಸ್ತ್ರ ಪರವಾನಗಿ ಬೇಡ, ಬೆಂಗಳೂರಿನಲ್ಲಿ ಕಲಿಸುವ ಅಕಾಡೆಮಿಗಳಿವೆ. ಗುರಿಯ ನಡುವಿನ ಹತ್ತರ ಚುಕ್ಕಿ ಅರ್ಧ ಮಿಲಿಮೀಟರ್ ಮಾತ್ರ. ಅಳೆಯುವ ಹುಚ್ಚಿದ್ದವರಿಗೆ ಅಲ್ಲೂ ಕೆಲಸವಿದೆ: ಪೆಲೆಟ್ ಎಂಬ ಏರ್ ರೈಫಲಿನ ಸಣ್ಣ ಗುಂಡುಗಳು 4.49, 4.50, 4.51 ಮಿಲಿಮೀಟರ್ ತಲೆಯಳತೆಗಳಲ್ಲಿ ಬರುತ್ತವೆ, ಯಾವುದು ತನ್ನ ನಳಿಗೆಗೆ ಹೊಂದುತ್ತದೆಂದು ಹೊಡೆದು ನೋಡಿಯೇ ಕಂಡುಕೊಳ್ಳಬೇಕು. ಪೆಲೆಟ್ ಕೂಡ ಸೀಸದ್ದೇ, ಅವನಿಗೂ ಕೈ ತೊಳೆಯಲು ಹೇಳಿ.

ಹಳೆಯ ಮದ್ದು ಉಳಿದಿದೆ. ಏನು ಮಾಡಲಿ?

ಮುಚ್ಚಳ ತೆರೆದು ವಾಸನೆ ನೋಡಿ, ಮೂಗನ್ನು ಡಬ್ಬಿಗೆ ತೀರ ಹತ್ತಿರ ಒಯ್ಯಬೇಡಿ. ಒಳ್ಳೆಯ ಮದ್ದಿಗೆ ಸ್ಪಿರಿಟಿನಂತಹ ವಾಸನೆ. ಮೂಗಿಗೆ ಕುಟುಕುವ ಹುಳಿ ವಾಸನೆ ಬಂದರೆ, ಕೆಂಗಂದು ದೂಳೋ ಹೊಗೆಯೋ ಕಂಡರೆ, ಮದ್ದು ಕೆಡುತ್ತಿದೆ ಎಂದರ್ಥ. ಕೆಡುವ ಮದ್ದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ಅದನ್ನು ಬಳಸಬೇಡಿ, ಕಸದ ಬುಟ್ಟಿಗೆ ಹಾಕಬೇಡಿ, ಸಿಂಕಿಗೆ ಸುರಿಯಬೇಡಿ. ಮನೆಯಿಂದ ಹೊರಗೆ, ಬಿಸಿಲು ಬೀಳದ ಕಡೆ ಇಟ್ಟು ಊರಿನ ಅಗ್ನಿಶಾಮಕ ಠಾಣೆಯ ತುರ್ತಲ್ಲದ ಸಂಖ್ಯೆಗೆ ಕರೆ ಮಾಡಿ. ಅವರು ಹೇಳಿದಂತೆ ಒಪ್ಪಿಸಿ. ಗುರುತಿನ ಚೀಟಿ ಹರಿದುಹೋದ ಡಬ್ಬಿಯ ಮದ್ದು ನೋಡಲು ಚೆನ್ನಾಗಿಯೇ ಇದ್ದರೂ ಅದಕ್ಕೂ ಇದೇ ದಾರಿ.